ಜೀವಕ್ಕೂ ಚಿನ್ನದ ತಕ್ಕಡಿಯೇ?

'ಹಿತ್ತಲ ಗಿಡ ಮದ್ದಲ್ಲ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಕೈಗೆ ಸುಲಭವಾಗಿ ಸಿಗುವುದಕ್ಕೆ ಮನುಷ್ಯ ಬೆಲೆ ಕೊಡುವುದಿಲ್ಲ. ನಮ್ಮ ಕೋಲಾರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ಟೊಮ್ಯಾಟೊ ಒಂದೇ ಸಾಕು. ಬೆಲೆ ಬಿದ್ದ ವರ್ಷ, ಬಿಡಿಸಿದ ಕೂಲಿಯೂ ಹುಟ್ಟುವುದಿಲ್ಲವೆಂದು ರೈತರು ಹಣ್ಣನ್ನು ರಸ್ತೆಬದಿಗೆ ಸುರಿದು ಹೋಗುತ್ತಾರೆ. ದನಗಳೂ ಮೂಸಿ ನೋಡಿ ಮುಂದೆ ಹೋಗುತ್ತವೆ. 2023ರ ಜುಲೈನಲ್ಲಿ ಅದೇ ಹಣ್ಣಿನ 15 ಕೆ.ಜಿ. ಬಾಕ್ಸು ಕೋಲಾರದ ಮಾರುಕಟ್ಟೆಯಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ತೋಟಗಳಿಗೆ ರಾತ್ರಿ ಕಾವಲು ಬಿತ್ತು. ನಾವು ಹೆಂಗಸರು ಸಾರಿಗೆ ಅರ್ಧ ಹಣ್ಣು ಹಾಕಿ, ಉಳಿದರ್ಧವನ್ನು ಜೋಪಾನವಾಗಿ ಎತ್ತಿಟ್ಟೆವು. ಹಣ್ಣಿನ ರುಚಿ ಬದಲಾಗಿತ್ತೇ? ಬಣ್ಣ ಬದಲಾಗಿತ್ತೇ? ಇಲ್ಲ. ಎಣಿಕೆ ಬದಲಾಗಿತ್ತು, ಅಷ್ಟೆ.

ಸಂತೆಯಲ್ಲಿ ಈ ಲೆಕ್ಕ ಸರಿಯೇ. ಆದರೆ ಸಂತೆಯ ಲೆಕ್ಕವನ್ನು ಮನೆಯೊಳಕ್ಕೆ ತಂದು ಜೀವಕ್ಕೂ ಹಚ್ಚಿದರೆ ಹೇಗೆ? ಈ ಪ್ರಶ್ನೆ ನನ್ನನ್ನು ಕಾಡತೊಡಗಿದ್ದು ಆಕಾಶದ ಒಂದು ಸುದ್ದಿಯಿಂದ ಎಂದರೆ ನಿಮಗೆ ವಿಚಿತ್ರವೆನಿಸಬಹುದು.

2025ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲೆಲ್ಲ ಒಂದು ದೂರದ ಗ್ರಹದ ವಿಷಯ ಬಂದಿತ್ತು. ಕೆ2-18ಬಿ ಎಂದು ಅದರ ಹೆಸರು. ನಮ್ಮಿಂದ ಸುಮಾರು 124 ಜ್ಯೋತಿರ್ವರ್ಷ ದೂರ. ಅಂದರೆ, ಆಗ ನಮ್ಮ ದೂರದರ್ಶಕಕ್ಕೆ ಬಿದ್ದಿದ್ದ ಬೆಳಕು ಅಲ್ಲಿಂದ ಹೊರಟಾಗ ನಮ್ಮ ಕೆಜಿಎಫ್‌ಗೆ ಶಿವನಸಮುದ್ರದ ಕರೆಂಟು ಇನ್ನೂ ಬಂದಿರಲಿಲ್ಲ! ಆ ಗ್ರಹದ ಗಾಳಿಯಲ್ಲಿ, ಭೂಮಿಯ ಮೇಲಾದರೆ ಕಡಲಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಒಂದು ಅನಿಲದ ಸುಳಿವು ಕಂಡಿದೆ ಎಂದು ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ್ದರು. ನಮ್ಮ ದೇಶದಲ್ಲೇ ಇಂಜಿನಿಯರಿಂಗ್ ಓದಿ ಹೋದವರು ಅವರು. ಅದೇ ಅಂಕಿಅಂಶಗಳನ್ನು ಮತ್ತೆ ಪರೀಕ್ಷಿಸಿದ ಬೇರೆ ವಿಜ್ಞಾನಿಗಳು, ಇಷ್ಟು ಆಧಾರ ಸಾಲದು ಎಂದು ಆಕ್ಷೇಪಿಸಿದರು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ಮೇಲೆ, ಎಂಟನೇ ತರಗತಿಯ ಒಬ್ಬ ಹುಡುಗಿ ಆ ಸುದ್ದಿಯ ತುಣುಕನ್ನು ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡು ಬಂದಿದ್ದಳು. ನಾನು ಸಮಾಜ ಪಾಠದವಳು, ವಿಜ್ಞಾನ ನನ್ನದಲ್ಲ. ಆದರೆ ಅವಳು ಕೇಳಿದ ಪ್ರಶ್ನೆಯೂ ವಿಜ್ಞಾನದ್ದಲ್ಲ. "ಮಿಸ್, ಅಲ್ಲೂ ಜೀವ ಇದ್ರೆ, ಎಲ್ಲಾ ಕಡೆನೂ ಇರುತ್ತೆ ಅಂತಾಯ್ತು. ಆಗ ನಾವೇನು ದೊಡ್ಡ ವಿಶೇಷ?" ಎಂದಳು. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದಾಗ ನಮ್ಮ ವಿಜ್ಞಾನದ ಮೇಷ್ಟ್ರು, "ಅದಕ್ಕೇ ಮೇಡಂ, ಇಡೀ ವಿಶ್ವದಲ್ಲಿ ಜೀವ ಇರೋದು ಇಲ್ಲೊಂದೇ ಕಡೆ ಅಂತ ಹೇಳಬೇಕು. ಆಗಲೇ ಮಕ್ಕಳು ಗಿಡ ಮರ ಉಳಿಸೋದು" ಎಂದರು. ಒಬ್ಬರು ಹೌದು ಎನ್ನುವುದನ್ನು ಇನ್ನೊಬ್ಬರು ಅಲ್ಲ ಎನ್ನುವಂತೆ ಕಂಡರೂ ಇಬ್ಬರ ಕೈಯಲ್ಲಿರುವುದು ಒಂದೇ ತಕ್ಕಡಿ ಎಂದು ನನಗೆ ಅನ್ನಿಸಿತು. ಹೆಚ್ಚಿದ್ದರೆ ಅಗ್ಗ, ಒಂದೇ ಇದ್ದರೆ ತುಟ್ಟಿ!

ಇದು ಸರಿಯೇ ಎಂದು ನೋಡುವ ಮೊದಲು, ಜೀವ ಹುಟ್ಟಿದ್ದು ಹೇಗೆ ಎಂಬ ವಿಷಯದಲ್ಲಿ ತಿಳಿದವರು ಏನು ಹೇಳುತ್ತಾರೆಂದು ಕೇಳಬೇಕಲ್ಲವೇ? ಮೇಷ್ಟ್ರು ಕೊಟ್ಟ ಪುಸ್ತಕಗಳನ್ನು ಓದಿ ನನಗೆ ಅರ್ಥವಾದಷ್ಟನ್ನು ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ.

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಆ ಹೆಪ್ಪು ನಿನ್ನೆಯ ಮೊಸರಿನದು; ನಿನ್ನೆಯದಕ್ಕೆ ಮೊನ್ನೆಯದು. ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ಸುಮಾರಿನಲ್ಲಿ ತೋರಿಸಿಕೊಟ್ಟದ್ದೂ ಇದನ್ನೇ. ಕುದಿಸಿದ ಸಾರಕ್ಕೆ ಹೊರಗಿನ ಧೂಳು ತಾಗದಂತೆ ನೋಡಿಕೊಂಡರೆ ಅದರಲ್ಲಿ ತಾನಾಗಿ ಯಾವ ಕ್ರಿಮಿಯೂ ಹುಟ್ಟುವುದಿಲ್ಲ, ಜೀವದಿಂದಲೇ ಜೀವ. ಹಾಗಾದರೆ ಮೊಟ್ಟಮೊದಲ ಹೆಪ್ಪು ಎಲ್ಲಿಂದ ಬಂತು? ಕೇಳಿ ನೋಡಿದರೆ ಮಕ್ಕಳಾಟದ ಪ್ರಶ್ನೆ. ಉತ್ತರ ಇವತ್ತಿಗೂ ಪೂರ್ತಿ ಸಿಕ್ಕಿಲ್ಲ.

1953ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಮಿಲ್ಲರ್ ಎಂಬ ಇಪ್ಪತ್ತಮೂರರ ಹುಡುಗ ಗಾಜಿನ ಬುರುಡೆಯಲ್ಲಿ ನೀರನ್ನು ಕುದಿಸಿ, ಅದರ ಆವಿಯ ಜೊತೆಗೆ ಮೀಥೇನ್, ಅಮೋನಿಯಾ, ಜಲಜನಕಗಳನ್ನು ಸೇರಿಸಿ, ಮಿಂಚಿನ ಬದಲಿಗೆ ವಿದ್ಯುತ್ ಕಿಡಿ ಹಾರಿಸುತ್ತ ಒಂದು ವಾರ ಬಿಟ್ಟ. ನೀರು ಬಣ್ಣ ತಿರುಗಿತು. ಅದರಲ್ಲಿ ಅಮೈನೋ ಆಮ್ಲಗಳಿದ್ದವು. ನಾವು ತಿನ್ನುವ ಬೇಳೆಯಲ್ಲೂ ನಮ್ಮ ಮೈಯ ಮಾಂಸಖಂಡದಲ್ಲೂ ಇರುವ ಪ್ರೋಟೀನಿನ ಬಿಡಿಭಾಗಗಳು ಅವು. ಆದಿಕಾಲದ ಭೂಮಿಯ ಗಾಳಿ ಹಾಗೆಯೇ ಇತ್ತೇ ಎಂಬ ಬಗ್ಗೆ ಆಮೇಲೆ ಸಂಶಯಗಳು ಬಂದವು. ಆದರೆ ಇಂಥ ಸಾಮಗ್ರಿ ಅಪರೂಪದ್ದಲ್ಲ ಎಂಬುದು ಮಾತ್ರ ಗಟ್ಟಿಯಾಗುತ್ತಲೇ ಬಂದಿದೆ. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್ ಎಂಬಲ್ಲಿ ಬಿದ್ದ ಉಲ್ಕೆಯಲ್ಲೂ ಅಮೈನೋ ಆಮ್ಲಗಳು ಸಿಕ್ಕವು. ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರಲ್ಲಿ ಹೊತ್ತು ತಂದ ಮಣ್ಣಿನಲ್ಲಿ, ಜೀವಿಗಳು ಬಳಸುವ 20 ಅಮೈನೋ ಆಮ್ಲಗಳಲ್ಲಿ 14 ಇದ್ದವೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಅಂದರೆ ದಿನಸಿ ಎಲ್ಲೆಲ್ಲೂ ಇದೆ. ಆದರೆ ಅಕ್ಕಿ ಬೇಳೆ ಅಂಗಡಿಯಲ್ಲಿದ್ದ ಮಾತ್ರಕ್ಕೆ ಅಡುಗೆಯಾಯಿತೇ?

ಬಿಡಿ ಸಾಮಗ್ರಿಗಳು ಒಂದೆಡೆ ಕೂಡುವುದಕ್ಕೆ ಜೇಡಿಮಣ್ಣು ನೆರವಾಗಿರಬಹುದು ಎಂದು ಬ್ರಿಟನ್ನಿನ ಬರ್ನಾಲ್ 1950ರ ಸುಮಾರಿಗೆ ಸೂಚಿಸಿದರು. ಕೆಲವು ಬಗೆಯ ಜೇಡಿ ಆರ್‌ಎನ್‌ಎ ತುಣುಕುಗಳನ್ನು ಸರದಂತೆ ಪೋಣಿಸಲು ಸಹಾಯ ಮಾಡುತ್ತದೆಂದು ಆಮೇಲಿನ ಪ್ರಯೋಗಗಳು ತೋರಿಸಿವೆ. ಇದನ್ನು ಓದಿದಾಗ, ಇಟ್ಟಿಗೆ ಹೆಂಚುಗಳಿಗೆ ಹೆಸರಾದ ಮಾಲೂರಿನವಳಾದ ನನಗೆ ಖುಷಿಯೇ ಆಯಿತು. ನಮ್ಮ ತಲೆಯ ಮೇಲಿನ ಸೂರಿಗೆ ಆದದ್ದು ಜೀವದ ಮೊದಲ ಸೂರಿಗೂ ಆಗಿರಬಹುದಲ್ಲ!

ಹೇಗೇ ಆಗಿರಲಿ, ಭೂಮಿಗೆ ಸುಮಾರು 450 ಕೋಟಿ ವರ್ಷ ವಯಸ್ಸಾದರೆ, 350 ಕೋಟಿ ವರ್ಷದ ಹಿಂದೆಯೇ ಇಲ್ಲಿ ಜೀವವಿತ್ತು. ನಮ್ಮ ತುಮಕೂರು ಜಿಲ್ಲೆಯ ದೊಡ್ಡಗುಣಿಯ ಸುಣ್ಣಕಲ್ಲಿನಲ್ಲಿ, ಆದಿಕಾಲದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಬಿಟ್ಟುಹೋದ ಗುರುತುಗಳಿವೆ. ಅವಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆ ಹೆಪ್ಪು ಒಂದು ದಿನವೂ ಕೆಟ್ಟಿಲ್ಲ, ಒಂದು ರಾತ್ರಿಯೂ ತಪ್ಪಿಲ್ಲ. ತಪ್ಪಿದ್ದರೆ ನೀವೂ ನಾನೂ ಇರುತ್ತಿರಲಿಲ್ಲ.

ಮೊದಲ ಹೆಪ್ಪನ್ನು ನೆರೆಮನೆಯಿಂದ ಸಾಲ ತಂದದ್ದೇ ಏಕಾಗಿರಬಾರದು ಎಂದು ಕೇಳಿದವರೂ ಇದ್ದಾರೆ. ಜಯಂತ್ ನಾರ್ಳೀಕರ್ ಅವರಂಥ ವಿಜ್ಞಾನಿಗಳು ಈ ಪ್ರಶ್ನೆಯನ್ನು ಹಿಡಿದು, ಇಸ್ರೋ ನೆರವಿನಿಂದ 2005ರಲ್ಲಿ ಹೈದರಾಬಾದಿನಿಂದ ಬಲೂನು ಹಾರಿಸಿ, 20ರಿಂದ 41 ಕಿಲೋಮೀಟರ್ ಎತ್ತರದ ಗಾಳಿಯನ್ನು ಹಿಡಿದು ತಂದರು. ಅದರಲ್ಲಿ ಅದುವರೆಗೆ ಕಾಣದಿದ್ದ ಮೂರು ಬಗೆಯ ಬ್ಯಾಕ್ಟೀರಿಯಾ ಸಿಕ್ಕವು. ಒಂದಕ್ಕೆ ಇಸ್ರೋದ ಹೆಸರು, ಇನ್ನೊಂದಕ್ಕೆ ಆರ್ಯಭಟನ ಹೆಸರು, ಮತ್ತೊಂದಕ್ಕೆ ಫ್ರೆಡ್ ಹಾಯ್ಲ್ ಅವರ ಹೆಸರು. ಆದರೆ 2009ರಲ್ಲಿ ಅದನ್ನು ಪ್ರಕಟಿಸುವಾಗ ಇಸ್ರೋ, ಇವು ಬೇರೆ ಲೋಕದಿಂದಲೇ ಬಂದವೆಂದು ಇದರಿಂದ ಸಿದ್ಧವಾಗುವುದಿಲ್ಲ ಎಂದು ಜೊತೆಗೇ ಹೇಳಿತು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು. ಆಮೇಲೆ 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ನೌಕೆ, ಮೀಥೇನ್ ಅನಿಲವನ್ನು ಹುಡುಕುವ ಉಪಕರಣವನ್ನೂ ಹೊತ್ತು ಮಂಗಳನ ಸುತ್ತ ತಿರುಗತೊಡಗಿತು. ಭೂಮಿಯ ಮೇಲೆ ಭತ್ತದ ಗದ್ದೆಯಿಂದಲೂ ಹಸುವಿನ ಹೊಟ್ಟೆಯಿಂದಲೂ ಬರುವ ಅನಿಲ ಅದು. ಕುಜದೋಷವೆಂದು ಯಾವ ಗ್ರಹದ ಹೆಸರಲ್ಲಿ ನಮ್ಮ ಹೆಣ್ಣುಮಕ್ಕಳ ಮದುವೆ ತಪ್ಪಿಸುತ್ತಾರೋ, ಅದೇ ಗ್ರಹದಲ್ಲಿ ಜೀವದ ಉಸಿರಿದೆಯೇ ಎಂದು ಹುಡುಕುವ ಕೆಲಸದಲ್ಲಿ ಬೆಂಗಳೂರಿನ ಎಷ್ಟೋ ಹೆಣ್ಣುಮಕ್ಕಳು ತೊಡಗಿದ್ದರು!

ಅಮೆರಿಕದ ಪರ್ಸಿವರೆನ್ಸ್ ಎಂಬ ಗಾಡಿ ಮಂಗಳನಲ್ಲಿ ಇಳಿದು ಸುತ್ತಿದ್ದು ಒಂದು ಕಾಲದ ಕೆರೆಯಂಗಳದಲ್ಲಿ. ಬತ್ತಿದ ಕೆರೆಯಲ್ಲಿ ನೀರಿನ ಗುರುತು ಹುಡುಕುವುದು ನಮ್ಮ ಕೋಲಾರದವರಿಗೆ ಹೊಸದೇನಲ್ಲ. ಅಲ್ಲಿನ ಒಂದು ಕಲ್ಲಿನ ಮೇಲಿನ ಚುಕ್ಕೆಗಳು ಹಿಂದೆಂದೋ ಇದ್ದ ಸೂಕ್ಷ್ಮಜೀವಿಗಳ ಕೈವಾಡವಿರಬಹುದೆಂದು 2025ರ ಸೆಪ್ಟೆಂಬರ್‌ನಲ್ಲಿ ಹೇಳಿದರು. 'ಇರಬಹುದು' ಅಷ್ಟೆ, ಅದಕ್ಕಿಂತ ಹೆಚ್ಚಿಗೆ ಅವರೂ ಹೇಳಲಿಲ್ಲ.

ಈಗ ನಮ್ಮ ತಕ್ಕಡಿಗೆ ಬರೋಣ. ಅಪರೂಪದಿಂದಲೇ ಬೆಲೆ ಎಂಬುದಕ್ಕೆ ಚಿನ್ನಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಮ್ಮ ಜಿಲ್ಲೆಯ ಚಿನ್ನದ ಕಲ್ಲಿಗೆ ಸುಮಾರು 270 ಕೋಟಿ ವರ್ಷ. 1880ರಿಂದ ಜಾನ್ ಟೇಲರ್ ಕಂಪನಿಯವರು ಶುರುಮಾಡಿದ ಅಗೆತ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. 2001ರ ಫೆಬ್ರುವರಿ 28ರಂದು ಗಣಿ ನಿಂತಾಗ ಚಿನ್ನವೇನೂ ಮುಗಿದಿರಲಿಲ್ಲ. ತೆಗೆಯುವ ಖರ್ಚು ಬರುವ ಬೆಲೆಗಿಂತ ಹೆಚ್ಚಾಗಿತ್ತು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು ಆ ತಕ್ಕಡಿಯಲ್ಲಿ ಎಂದೂ ತೂಗಲಿಲ್ಲ. ಒಬ್ಬ ಹೋದರೆ ಪಾಳಿಗೆ ಇನ್ನೊಬ್ಬ ಸಿಗುತ್ತಿದ್ದನಲ್ಲ! ಆಳು ಹೆಚ್ಚು, ಆದ್ದರಿಂದ ಅಗ್ಗ.

ನಮ್ಮ ಗಣಿಯಂಥದೇ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿ, 2.8 ಕಿಲೋಮೀಟರ್ ಆಳದ ಬಿಸಿನೀರಿನಲ್ಲಿ ಒಂದು ಬ್ಯಾಕ್ಟೀರಿಯಾ ಒಂಟಿಯಾಗಿ ಬದುಕುತ್ತಿದೆ ಎಂದು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಅಲ್ಲಿ ಸೂರ್ಯನ ಬೆಳಕಿಲ್ಲ, ಆಮ್ಲಜನಕವಿಲ್ಲ, ಜೊತೆಗೆ ಬೇರೆ ಜೀವಿಯೂ ಇಲ್ಲ. ಕಲ್ಲಿನ ವಿಕಿರಣದಿಂದ ಹುಟ್ಟುವ ಜಲಜನಕವೇ ಅದರ ಜೀವನಾಧಾರ. ಅದರ ಪಕ್ಕದ ಕಲ್ಲಿನಲ್ಲೇ ಚಿನ್ನವೂ ಇದೆ. ಎರಡನ್ನೂ ಹೋಲಿಸಿ ನೋಡಿ. ಚಿನ್ನಕ್ಕೆ ಬೆಲೆ ಬರುವುದು ಕೊಳ್ಳುವವರು ಇದ್ದಾಗ. ನೂರು ಕೋಟಿ ವರ್ಷ ಕತ್ತಲಲ್ಲಿ ಬಿದ್ದಿದ್ದರೂ ಅದಕ್ಕೆ ಏನೂ ಬೇಕಾಗಿಲ್ಲ. ಒಡೆದರೂ ಅದಕ್ಕೆ ಗೊತ್ತಿಲ್ಲ, ಕರಗಿಸಿದರೂ ಗೊತ್ತಿಲ್ಲ. ಆ ಬಡ ಬ್ಯಾಕ್ಟೀರಿಯಾ ಹಾಗಲ್ಲ. ಅದು ತನ್ನ ಗಾಯವನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ, ಸಿಕ್ಕಿದ್ದನ್ನು ಉಣ್ಣುತ್ತದೆ, ಎರಡಾಗುತ್ತದೆ. ಉಳಿಯಬೇಕು ಎನ್ನುವುದೇ ಅದರ ಕಸುಬು. ಅದರ ಉಳಿವು ಬೇರೆ ಯಾರಿಗೆ ಬೇಡವಾದರೂ ಅದಕ್ಕೆ ಬೇಕು.

ಜೀವ ಹುಟ್ಟಿತು ಎಂದರೆ ಏನಾಯಿತು ಎಂಬುದು ನನಗೆ ಇಲ್ಲಿ ಹೊಳೆಯಿತು. ಅದಕ್ಕೆ ಮೊದಲು ಕಲ್ಲಿತ್ತು, ನೀರಿತ್ತು, ಚಿನ್ನವಿತ್ತು, ಮಿಂಚಿತ್ತು. ಆದರೆ ಯಾವುದಕ್ಕೂ ಯಾವುದೂ ಬೇಕಾಗಿರಲಿಲ್ಲ. ಮೊದಲ ಜೀವಕಣದೊಂದಿಗೆ ಈ ಜಗತ್ತಿನಲ್ಲಿ ಮೊದಲ ಬಾರಿಗೆ 'ಬೇಕು' ಎಂಬುದು ಹುಟ್ಟಿತು. ಒಳ್ಳೆಯದು ಕೆಟ್ಟದ್ದು ಎಂಬ ಮಾತಿಗೆ ಅರ್ಥ ಬಂದದ್ದೇ ಅಲ್ಲಿಂದ. ಜೀವದ ಬೆಲೆ ಒಳಗಿನಿಂದ ಬರುವುದಾದರೆ, ಹೊರಗೆ ನಿಂತು ಎಷ್ಟಿವೆ ಎಂದು ಎಣಿಸಿ ಅದನ್ನು ಕಟ್ಟುವುದು ಹೇಗೆ? ನೂರು ಗ್ರಹಗಳಲ್ಲಿ ಜೀವವಿದ್ದರೆ ನೂರು ಕಡೆ 'ಬೇಕು' ಇದೆ ಎಂದಾಯಿತೇ ಹೊರತು, ನನ್ನದು ನೂರರಲ್ಲಿ ಒಂದು ಪಾಲಾಗಲಿಲ್ಲ.

ಇದನ್ನು ನನಗಿಂತ ಮೊದಲೇ ಬಲ್ಲವರಿದ್ದರು. 2011ರ ಜನಗಣತಿಗೆ ನಮ್ಮಂಥ ಶಿಕ್ಷಕಿಯರನ್ನು ಹಾಕಿದ್ದರು. ಮದುವೆಯಾದ ಹೆಂಗಸರಿಗೆ ಹುಟ್ಟಿದ ಮಕ್ಕಳೆಷ್ಟು, ಈಗ ಇರುವವರೆಷ್ಟು ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಹಳ್ಳಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು "ಏಳು ಮಕ್ಕಳು" ಎಂದರು. "ಈಗ ಇರೋರು ಎಷ್ಟಮ್ಮಾ?" ಎಂದೆ. "ಏಳು" ಎಂದರು. ಒಳಗಿನಿಂದ ಸೊಸೆ ಬಂದು, "ಇಲ್ಲ ಮಿಸ್, ಇರೋದು ಐದು ಜನ. ಎರಡು ಚಿಕ್ಕಂದಿನಲ್ಲೇ ಹೋದವು" ಎಂದಳು. ಅಜ್ಜಿಗೆ ಸಿಟ್ಟು ಬಂತು. "ನಿಮ್ಮ ಕಾಗದಕ್ಕೆ ಏನು ಬೇಕೋ ಬರಕೊಳ್ಳಿ ಟೀಚರಮ್ಮ. ಹೆತ್ತೋಳು ನಾನು. ಐದು ಇದಾವೆ ಅಂತ ಆ ಎರಡನ್ನ ಬಿಟ್ಟುಬಿಡೋಕೆ ಆಗುತ್ತಾ?" ಎಂದರು. ಒಂದು ಕೂಸಿಗೆ ನಲವತ್ತು ದಿನವೂ ತುಂಬಿರಲಿಲ್ಲವಂತೆ. ಕಾಗದದಲ್ಲಿ ಐದು ಎಂದು ಬರೆದುಕೊಂಡೆ, ನಿಯಮ ಹಾಗಿತ್ತು.

ಗೆಳತಿಯರೇ, ಕೂಸು ಕಳೆದುಕೊಂಡ ತಾಯಿಯ ಹತ್ತಿರ ಕೂತು ನಾವು ಏನು ಹೇಳುತ್ತೇವೆ? 'ಇನ್ನೂ ವಯಸ್ಸಿದೆ, ಇನ್ನೊಂದು ಆಗುತ್ತೆ ಬಿಡು.' 'ಇನ್ನೆರಡು ಇದಾವಲ್ಲ, ಅವುಗಳ ಮುಖ ನೋಡಿಕೊಂಡು ಸಮಾಧಾನ ತಂದುಕೋ.' ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವಳ ಮುಖವನ್ನು ಗಮನಿಸಿದ್ದೀರಾ? ಆ ಮಾತು ಅವಳನ್ನು ಮುಟ್ಟುವುದೇ ಇಲ್ಲ. ಬಳೆ ಒಡೆದರೆ ಇನ್ನೊಂದು ಬಳೆ. ಕೂಸಿಗೆ ಇನ್ನೊಂದು ಕೂಸು ಬದಲಿಯಲ್ಲ. ಹುಟ್ಟುವ ಮಗು ತನ್ನ ಜಾಗಕ್ಕೆ ಬರುತ್ತದೆ, ಹೋದದ್ದರ ಜಾಗಕ್ಕಲ್ಲ.

ಎಣಿಕೆಯ ತಕ್ಕಡಿ ಇನ್ನೊಂದು ಕಡೆಯಿಂದಲೂ ನಮ್ಮನ್ನು ಕಚ್ಚುತ್ತದೆ. 2011ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳು. ಇದನ್ನು ನೋಡಿ ಗಾಬರಿಯಾದವರು ಗೋಡೆ ಗೋಡೆಯ ಮೇಲೆ ಬರೆಸಿದ್ದೇನು? ಹೆಣ್ಣು ಹುಟ್ಟದಿದ್ದರೆ ಸೊಸೆ ಎಲ್ಲಿಂದ ತರುತ್ತೀರಿ ಎಂದು! ಉದ್ದೇಶ ಒಳ್ಳೆಯದಿರಬಹುದು. ಆದರೆ ಮಾತಿನೊಳಗಿನ ಅರ್ಥವೇನು? ಸರಕು ಕಡಿಮೆಯಾಗಿದೆ, ಅದಕ್ಕೇ ಉಳಿಸಿ. ಹಾಗಾದರೆ ಹೆಣ್ಣು ಸಾಕಷ್ಟು ಇದ್ದ ಕಾಲದಲ್ಲಿ ಅಳಿಸಿದ್ದು ತಪ್ಪಲ್ಲವೇ? ನಾಳೆ ಸೊಸೆಯರು ಸಾಲುವಷ್ಟಾದ ಮೇಲೆ ಮತ್ತೆ ಬೇಡವೇ? ಹೆಣ್ಣುಕೂಸು ಉಳಿಯಬೇಕಾದದ್ದು ಯಾರದೋ ಮನೆಗೆ ಸೊಸೆ ಬೇಕೆಂದಲ್ಲ. ಅದಕ್ಕೆ ಬದುಕು ಬೇಕೆಂದು. 'ಇರುವುದು ಒಂದೇ ಭೂಮಿ, ಅದಕ್ಕೇ ಕಾಪಾಡಿ' ಎನ್ನುವ ಮಾತಿನಲ್ಲೂ ಇದೇ ಅಪಾಯವಿದೆ ಎಂದು ನಮ್ಮ ಮೇಷ್ಟ್ರಿಗೆ ಹೇಳಿದೆ. ನಾಳೆ ಎರಡನೆಯದು ಸಿಕ್ಕರೆ ಇದನ್ನು ಹಾಳುಮಾಡಬಹುದೇ?

ಮೇಷ್ಟ್ರು ಸುಲಭಕ್ಕೆ ಒಪ್ಪುವವರಲ್ಲ. "ಹಾಗಾದ್ರೆ ಸೊಳ್ಳೆಗೂ ಬದುಕೋ ಆಸೆ ಇದೆಯಲ್ಲ ಮೇಡಂ? ಡೆಂಗಿ ಬಂದಾಗ ಏನು ಮಾಡ್ತೀರಿ? ಕೊರೊನಾ ಕಾಲದಲ್ಲಿ ಸೋಪು ಹಾಕಿ ಕೈ ತೊಳೀಲಿಲ್ವಾ?" ಎಂದು ನಕ್ಕರು. ನ್ಯಾಯವಾದ ಪ್ರಶ್ನೆಯೇ. ಸೊಳ್ಳೆ ಹೊಡೆಯುತ್ತೇನೆ, ಮಕ್ಕಳಿಗೆ ಜಂತುಹುಳುವಿನ ಮಾತ್ರೆ ನುಂಗಿಸುತ್ತೇನೆ, ಸೊಪ್ಪು ಹೆಚ್ಚುತ್ತೇನೆ. ಒಂದು ಜೀವದ 'ಬೇಕು' ಇನ್ನೊಂದರ 'ಬೇಕಿ'ಗೆ ಅಡ್ಡ ಬರುವುದು ಇದ್ದದ್ದೇ. ಆಗ ಆರಿಸಿಕೊಳ್ಳದೆ ವಿಧಿಯಿಲ್ಲ. ಆದರೆ ಕೊಲ್ಲುವುದಕ್ಕೆ ಕಾರಣ ಬೇಕು. ಉಳಿಸುವುದಕ್ಕೆ ಕಾರಣ ಬೇಡ. ಬೇಕಾದಷ್ಟಿವೆ ಎಂಬುದು ಮಾತ್ರ ಎಂದಿಗೂ ಕಾರಣವಾಗಲಾರದು. ನಾನು ಹೇಳುವುದು ಇಷ್ಟೇ.

ಇದು ಬರೀ ಹೆಂಗಸರ ಮೃದುಮಾತು ಎಂದು ತಳ್ಳಿಹಾಕುವವರಿಗೆ ಒಂದು ಸಂಗತಿ ಹೇಳಬೇಕು. ಕಸ್ಸೀನಿ ಎಂಬ ನೌಕೆ 2004ರಿಂದ ಶನಿಯ ಸುತ್ತ ತಿರುಗುತ್ತಿತ್ತು. ಶನಿಗೆ ಎನ್ಸೆಲಡಸ್ ಎಂಬ ಪುಟ್ಟ ಚಂದ್ರನಿದ್ದಾನೆ. ಅಡ್ಡಳತೆ 500 ಕಿಲೋಮೀಟರ್ ಅಷ್ಟೆ. ಅವನ ಮಂಜುಗಡ್ಡೆಯ ಬಿರುಕುಗಳಿಂದ ನೀರು ಚಿಮ್ಮುತ್ತಿರುವುದನ್ನು ಕಸ್ಸೀನಿ 2005ರಲ್ಲಿ ಕಂಡಿತು. ಒಳಗೆ ಉಪ್ಪುನೀರಿನ ಕಡಲಿದೆ. ಜೀವವೂ ಇರಬಹುದು, ಇಲ್ಲದಿರಬಹುದು. ನೌಕೆಯ ಇಂಧನ ಮುಗಿಯುತ್ತ ಬಂದಾಗ, ಅದು ಹಾದಿತಪ್ಪಿ ಆ ಚಂದ್ರನಿಗೆ ಬಡಿದು, ಇಲ್ಲಿಂದ ಅಂಟಿಕೊಂಡು ಹೋದ ಕ್ರಿಮಿಗಳು ಅಲ್ಲಿಗೆ ಸೇರಿದರೆ ಏನು ಗತಿ ಎಂದು ಯೋಚಿಸಿದ ವಿಜ್ಞಾನಿಗಳು, 2017ರ ಸೆಪ್ಟೆಂಬರ್ 15ರಂದು ನೌಕೆಯನ್ನು ಬೇಕೆಂದೇ ಶನಿಯೊಳಕ್ಕೆ ನುಗ್ಗಿಸಿ ಸುಟ್ಟುಹಾಕಿದರು. ಮುಂದಿನ ಸಂಶೋಧನೆ ಕೆಡಬಾರದು ಎಂಬ ಸ್ವಾರ್ಥವೂ ಅದರಲ್ಲಿತ್ತು, ನಿಜ. ಆದರೂ ನೋಡಿ: ಯಾರೂ ಕಾಣದ, ಇದೆಯೋ ಇಲ್ಲವೋ ತಿಳಿಯದ, ಇದ್ದರೂ ಕಣ್ಣಿಗೆ ಕಾಣದಷ್ಟು ಸಣ್ಣದಾದ ಜೀವಕ್ಕೋಸ್ಕರ ಮನುಷ್ಯರು ಇಷ್ಟು ಎಚ್ಚರ ವಹಿಸಿದರು. ಅಷ್ಟು ದೂರದ ಜೀವಕ್ಕೆ ತೋರಿಸಿದ ಮರ್ಯಾದೆಯನ್ನು ಪಕ್ಕದ ಮನೆಯ ಬಸುರಿಗೆ, ಗಣಿಯೊಳಗಿನ ಕೂಲಿಗೆ ತೋರಿಸಲು ನಮ್ಮಿಂದಾಗದೇ?

ನನ್ನ ಜೀವಮಾನದಲ್ಲೋ, ಆ ಎಂಟನೇ ತರಗತಿಯ ಮಕ್ಕಳ ಕಾಲದಲ್ಲೋ, ಒಂದು ದಿನ ಬೇರೆ ಲೋಕದಲ್ಲಿ ಜೀವ ಸಿಕ್ಕಿತೆಂಬ ಸುದ್ದಿ ಬರಬಹುದು. ಬಾರದೆಯೂ ಇರಬಹುದು. ಬಂದರೆ, ನಾವು ಸಣ್ಣವರಾದೆವೆಂದು ಕೊರಗಬೇಕಿಲ್ಲ. ನೆಂಟರ ಪೈಕಿ ಒಂದು ಬಾಣಂತಿಯ ಸುದ್ದಿ ಬಂದಷ್ಟೇ ಸಂತೋಷಪಡೋಣ. ಬಾರದಿದ್ದರೆ, ನಾವೊಬ್ಬರೇ ದೊಡ್ಡವರೆಂದು ಬೀಗಬೇಕಾದದ್ದೂ ಇಲ್ಲ. ಎರಡರಲ್ಲಿ ಯಾವುದಾದರೂ ಸರಿ, ಮಾರನೆಯ ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಮೊಸರಾಗಿರುತ್ತದೆ, ಮಕ್ಕಳು ಹಸಿದು ಏಳುತ್ತಾರೆ. ಅವರ ಹಸಿವಿಗೆ ಅವರು ಎಷ್ಟು ಮಂದಿ ಎಂಬ ಲೆಕ್ಕ ಗೊತ್ತಿಲ್ಲ.